ಕೊನೆಯ ಮೂರು ಕೆಜಿ ಇಳಿಯದೆ ನಿಂತುಬಿಟ್ಟಾಗ

ಹತ್ತು ಹನ್ನೆರಡು ಕೆಜಿ ಇಳಿಸಿದ್ದೀರಿ, ಇನ್ನು ಮೂರೇ ಮೂರು ಬಾಕಿ, ಅಷ್ಟರಲ್ಲಿ ತೂಕದ ಮುಳ್ಳು ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಈ ಹೊತ್ತಲ್ಲಿ ಎಲ್ಲರಿಗೂ ಮೊದಲು ಹೊಳೆಯೋದು ಊಟ ಇನ್ನೂ ಕಡಿಮೆ ಮಾಡೋಣ ಅಂತ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ. ಐದು ದಿನ ಅರೆಹೊಟ್ಟೆ, ಆರನೇ ದಿನ ಕಂಡಿದ್ದೆಲ್ಲ ಬಾಯಿಗೆ, ವಾರದ ಕೊನೆಗೆ ತೂಕ ಇದ್ದಲ್ಲೇ ಇತ್ತು.

ಮೊದಲು ತೂಕ ನಿಜವಾಗಿ ನಿಂತಿದೆಯಾ ಅಂತ ನೋಡಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಶುರುವಿನಲ್ಲಿ ನೀವು ಖರ್ಚಾಗುವುದಕ್ಕಿಂತ ದಿನಕ್ಕೆ 600 ಕ್ಯಾಲೊರಿ ಕಡಿಮೆ ತಿಂದಿದ್ದರೆ ವಾರಕ್ಕೆ ಅರ್ಧ ಕೆಜಿ ಇಳಿದಿರುತ್ತದೆ. ಈಗ ದೇಹ ಹಗುರವಾಗಿದೆ, ಅದರ ಖರ್ಚೂ ಕಡಿಮೆಯಾಗಿದೆ, ಅದೇ ಊಟದಲ್ಲಿ ಆ ಅಂತರ 200ಕ್ಕೆ ಬಂದಿದ್ದರೆ ವಾರಕ್ಕೆ ಇಳಿಯೋದು ಬರೀ 180 ಗ್ರಾಂ. ಆದರೆ ದೇಹದಲ್ಲಿರುವ ನೀರಿನಿಂದ ತೂಕ ಒಂದೇ ದಿನದಲ್ಲಿ ಒಂದು ಕೆಜಿ ಏರಿ ಇಳಿಯುತ್ತದೆ. ರಾತ್ರಿ ಊಟದಲ್ಲಿ ಉಪ್ಪು ಜಾಸ್ತಿಯಾದರೆ, ಮುಟ್ಟಿನ ದಿನ ಹತ್ತಿರ ಬಂದರೆ, ಹೊಸ ವ್ಯಾಯಾಮ ಶುರು ಮಾಡಿ ಮೈಕೈ ನೋಯುತ್ತಿದ್ದರೆ ನೀರು ನಿಲ್ಲುತ್ತದೆ. ಎರಡು ದಿನ ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೂ ಮುಳ್ಳು ಮೇಲೆ ಹೋಗುತ್ತದೆ. ಇಷ್ಟರ ಮಧ್ಯೆ ಆ 180 ಗ್ರಾಂ ಕಣ್ಣಿಗೆ ಬೀಳೋದು ಹೇಗೆ ಹೇಳಿ?

ಹಾಗಾಗಿ ದಿನಾ ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಆದರೆ ಹೋಲಿಸಬೇಕಾದ್ದು ವಾರದ ಸರಾಸರಿಯನ್ನು. ಮುಟ್ಟಾಗುವವರು ಈ ಸಲದ ಮುಟ್ಟು ಶುರುವಾದ ವಾರವನ್ನು ಹೋದ ಸಲ ಮುಟ್ಟು ಶುರುವಾದ ವಾರದ ಜೊತೆ ಹೋಲಿಸಿ, ಇಲ್ಲದಿದ್ದರೆ ಸುಮ್ನೆ ತಲೆಬಿಸಿ. ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಟೇಪ್ ಹಿಡಿಯಿರಿ. ನಾಲ್ಕು ವಾರ ಸರಾಸರಿಯೂ ಇಳಿಯಲಿಲ್ಲ, ಸೊಂಟವೂ ಇಳಿಯಲಿಲ್ಲ ಅಂದರೆ ಮಾತ್ರ ನಿಂತಿದೆ ಅಂತ ಅರ್ಥ.

ನಿಂತಿದ್ದರೆ ಸೋರಿಕೆ ಹುಡುಕಿ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯಲ್ಲ ಅನ್ನುತ್ತಿದ್ದ ಹತ್ತು ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದ್ದರು, 1992ರಲ್ಲಿ ಅದು ಪ್ರಕಟವಾಯಿತು. ಅವರು ನಿಜವಾಗಿ ತಿಂದದ್ದರಲ್ಲಿ ಸರಾಸರಿ 47% ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಇದನ್ನು ಸುಳ್ಳು ಅಂತ ನೋಡಬೇಡಿ, ಕಣ್ಣಳತೆ ಎಲ್ಲರಿಗೂ ಕೈಕೊಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ, ಎರಡು ಚಮಚ ಕೈತಪ್ಪಿ ಬಿದ್ದರೆ ನಿಮ್ಮ ಇಡೀ ದಿನದ ಆ 200ರ ಅಂತರ ಹೋಯಿತು. ಹತ್ತು ದಿನ, ಬರೀ ಹತ್ತೇ ದಿನ, ಅಡುಗೆಮನೆಯಲ್ಲಿ ತಕ್ಕಡಿ ಇಟ್ಟು ಎಣ್ಣೆ, ಕುರುಕಲು, ಕುಡಿಯುವ ಸಿಹಿ, ರುಚಿ ನೋಡಿದ್ದು, ಎಲ್ಲ ತೂಗಿ ಬರೆಯಿರಿ. ರಜಾದಿನ ಬಿಡಬೇಡಿ, ಹೆಚ್ಚಾಗಿ ಸೋರೋದು ಆವತ್ತೇ.

ಆಮೇಲೆ ನಡಿಗೆ. ಕಡಿಮೆ ತಿನ್ನುವಾಗ ನಮಗೆ ಗೊತ್ತಿಲ್ಲದೆ ಓಡಾಟ ಕಡಿಮೆಯಾಗುತ್ತದೆ. ಕೂತಲ್ಲೇ ಕೂರುತ್ತೇವೆ, ಮೆಟ್ಟಿಲು ತಪ್ಪಿಸುತ್ತೇವೆ. ಈಗಿರುವುದಕ್ಕೆ ದಿನಕ್ಕೆ 2,000 ಹೆಜ್ಜೆ ಸೇರಿಸಿ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ, ಪ್ರೋಟೀನ್ ಅನ್ನು ದೇಹದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ ಇಟ್ಟುಕೊಳ್ಳಿ, ಇಳಿಯೋದು ಸ್ನಾಯು ಆಗಬಾರದು ಅಲ್ವಾ? ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ಇಷ್ಟಾದ ಮೇಲೂ ಅಲುಗದಿದ್ದರೆ ಊಟದಲ್ಲಿ 100-150 ಕ್ಯಾಲೊರಿ ಇಳಿಸಿ, ಅದಕ್ಕಿಂತ ಬೇಡ. ತಿಂಗಳುಗಟ್ಟಲೆ ಪಥ್ಯ ಮಾಡಿ ಸುಸ್ತಾಗಿದ್ದರೆ ನನ್ನ ಸಲಹೆ ಬೇರೆ: ಎರಡು ವಾರ ತೂಕ ಏರದೆ ಇಳಿಯದೆ ನಿಲ್ಲುವಷ್ಟು ತಿನ್ನಿ. ಮೊದಲ ವಾರ ಮುಳ್ಳು ಒಂದು ಕೆಜಿ ಮೇಲೆ ಹೋಗಬಹುದು, ಹೆದರಬೇಡಿ. ಸ್ನಾಯು, ಲಿವರ್‌ನಲ್ಲಿ ಮತ್ತೆ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ತುಂಬುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತದೆ, ಅದು ಕೊಬ್ಬಲ್ಲ. ನನಗೆ ಆ ಎರಡು ವಾರ ಕೊಟ್ಟಷ್ಟು ನೆಮ್ಮದಿ ಯಾವ ಪಥ್ಯವೂ ಕೊಟ್ಟಿಲ್ಲ.

ಕೊನೆಗೆ ಗುರಿಯನ್ನೇ ಒಮ್ಮೆ ನೋಡಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) 18.5ಕ್ಕಿಂತ ಕೆಳಗೆ, ಅಂದರೆ 160 ಸೆಂ.ಮೀ ಎತ್ತರಕ್ಕೆ ಸುಮಾರು 47 ಕೆಜಿಗಿಂತ ಕೆಳಗೆ, ಹೋಗುವ ಗುರಿ ಇದ್ದರೆ ಅದನ್ನು ಬದಲಿಸಿ. ಮುಟ್ಟು ನಿಂತರೆ, ಕೂದಲು ಉದುರಿದರೆ, ಯಾವಾಗಲೂ ಚಳಿಯಾದರೆ ಆ ಮೂರು ಕೆಜಿ ಅಲ್ಲೇ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಇದ್ದವರು, ಸ್ಟೆರಾಯ್ಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನೆಲ್ಲ ಶುರು ಮಾಡುವ ಮೊದಲೇ ಕೇಳಿಕೊಳ್ಳಿ.