ಬೌಂಡರಿ ಕೊಡುವಾಗ ನೀರಿನ ಲೆಕ್ಕ ಕೇಳಿ: ಅಂತರ್ಜಲ ಮತ್ತು ನದಿ ಮಾಡೆಲ್ ಮಾಡುವವರಿಗೆ

ಯಾರಾದರೂ ತಮ್ಮ ಅಂತರ್ಜಲ ಮಾಡೆಲ್ ನೋಡಿಕೊಡಿ ಎಂದು ಕಳಿಸಿದರೆ, ನಾನು ಮೊದಲು ತೆರೆಯುವುದು ಬಣ್ಣದ ನಕ್ಷೆಯನ್ನಲ್ಲ, ವಾಟರ್ ಬಜೆಟ್ ಪಟ್ಟಿಯನ್ನು. ಯಾವ ಬೌಂಡರಿಯಿಂದ (ಮಾಡೆಲ್‌ಗೂ ಹೊರಗಿನ ಜಗತ್ತಿಗೂ ನಡುವಿನ ಅಂಚಿನಿಂದ) ದಿನಕ್ಕೆ ಎಷ್ಟು ಘನ ಮೀಟರ್ ಒಳಗೆ ಬಂತು, ಯಾವುದರಿಂದ ಎಷ್ಟು ಹೊರಗೆ ಹೋಯಿತು ಎಂದು ಅಲ್ಲಿ ಸಾಲಾಗಿ ಇರುತ್ತದೆ. ನೆಲದ ಮೇಲೆ ಇಲ್ಲದ ನೀರು ಈ ಪಟ್ಟಿಯಲ್ಲಿ ಇದ್ದರೆ ನಕ್ಷೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಆ ಮಾಡೆಲ್ ನಂಬಿ ಕೊಳವೆಬಾವಿ ಕೊರೆಸಿದವರಿಗೆ ನಾಳೆ ನೀರು ಸಿಗುವುದಿಲ್ಲ.

ಹಾಗಾಗಿ ಬೌಂಡರಿ ಕಂಡಿಷನ್, ಅಂದರೆ ಆ ಅಂಚಿನಲ್ಲಿ ನೀರು ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮ, ಕೊಡುವಾಗ ನಾನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ. ಒಳಗೆ ಪಂಪಿಂಗ್ ಜಾಸ್ತಿ ಆದರೆ ಈ ಬೌಂಡರಿ ಎಷ್ಟು ನೀರು ಕೊಡುತ್ತದೆ, ಅಷ್ಟು ನೀರು ಅಲ್ಲಿ ನಿಜವಾಗಿ ಇದೆಯಾ? ಉದಾಹರಣೆಗೆ ಅಂತರ್ಜಲಕ್ಕೆ ಮಾಡ್‌ಫ್ಲೋ, ನದಿಗೆ ಹೆಕ್-ರಾಸ್ ಎಂಬ ಸಾಫ್ಟ್‌ವೇರ್ ತೆಗೆದುಕೊಳ್ಳುತ್ತೇನೆ. ಎರಡೂ ಉಚಿತ, ಎರಡನ್ನೂ ಬಹಳ ಜನ ಬಳಸುತ್ತಾರೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಬಟನ್ ಬೇರೆ ಕಡೆ ಇರುತ್ತದೆ, ಪ್ರಶ್ನೆ ಅದೇ.

ಮೊದಲು ಕಾಗದದ ಮೇಲೆ

ಸಾಫ್ಟ್‌ವೇರ್ ತೆರೆಯುವ ಮೊದಲು ಜಾಗದ ಚಿತ್ರ ಬರೆಯಿರಿ. ಒಂದು ಕಣಿವೆ ಅಂದುಕೊಳ್ಳೋಣ. ಎರಡು ಕಡೆ ಗುಡ್ಡ, ನಡುವೆ ನದಿ, ಕೆಳಗೆ ಗಟ್ಟಿ ಬಂಡೆ, ದೂರದಲ್ಲಿ ಒಂದು ಕೆರೆ. ಪ್ರತಿ ಅಂಚಿಗೂ ಬಾಣ ಹಾಕಿ: ನೀರು ಒಳಗೆ ಬರುತ್ತದೋ, ಹೊರಗೆ ಹೋಗುತ್ತದೋ, ದಾಟುವುದೇ ಇಲ್ಲವೋ. ತಳಕ್ಕೂ ಮೇಲಕ್ಕೂ ಹಾಕಿ. ಜನ ಅಂಚುಗಳನ್ನು ನೆನಪಿಟ್ಟುಕೊಳ್ಳುತ್ತಾರೆ, ತಳವನ್ನು ಮರೆಯುತ್ತಾರೆ.

ಬೌಂಡರಿ ಮೂರು ಬಗೆ. ಒಂದರಲ್ಲಿ ನೀರಿನ ಮಟ್ಟ ಇಷ್ಟೇ ಎಂದು ಕಟ್ಟಿಹಾಕುತ್ತೇವೆ, ಹರಿವು ಎಷ್ಟು ಬೇಕಾದರೂ ಆಗಬಹುದು. ಇನ್ನೊಂದರಲ್ಲಿ ಹರಿವು ಇಷ್ಟೇ ಎನ್ನುತ್ತೇವೆ, ಮಟ್ಟ ಎಲ್ಲಿಗೆ ಬೇಕಾದರೂ ಹೋಗಬಹುದು. ಮೂರನೆಯದರಲ್ಲಿ ಹೊರಗಿನ ಮಟ್ಟಕ್ಕೂ ಒಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸ ನೋಡಿ ಹರಿವು ತಾನಾಗಿ ನಿರ್ಧಾರವಾಗುತ್ತದೆ. ನದಿ, ಡ್ರೇನ್, ದೂರದ ಕೆರೆ ಎಲ್ಲ ಈ ಮೂರನೆಯ ಗುಂಪು.

ಏನೂ ಕೊಡದೆ ಬಿಟ್ಟರೂ ಅದು ಒಂದು ಬೌಂಡರಿಯೇ. ಮಾಡ್‌ಫ್ಲೋದಲ್ಲಿ ಖಾಲಿ ಬಿಟ್ಟ ಅಂಚಿನ ಮೂಲಕ ನೀರು ದಾಟುವುದಿಲ್ಲ. ಗಟ್ಟಿ ಬಂಡೆಯ ಕಡೆ ಅದು ಸರಿ. ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಹುಷಾರಾಗಿರಿ. ಮಳೆನೀರು ಎರಡು ಕಡೆ ಸೀಳುವ ಗೆರೆಯೂ ನೆಲದೊಳಗಿನ ನೀರು ಸೀಳುವ ಗೆರೆಯೂ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ. ಪಕ್ಕದಲ್ಲಿ ಜೋರಾಗಿ ಪಂಪ್ ಮಾಡಿದರೆ ಒಳಗಿನ ಗೆರೆ ಸರಿಯುತ್ತದೆ.

ಇನ್ನೊಂದು ವಿಷಯ. ಸ್ಥಿರ ಸ್ಥಿತಿಯ (ಕಾಲದ ಜೊತೆ ಏನೂ ಬದಲಾಗದ) ಮಾಡೆಲ್‌ನಲ್ಲಿ ಎಲ್ಲ ಕಡೆಯೂ ಬರೀ ಹರಿವನ್ನೇ ಕೊಟ್ಟರೆ ಉತ್ತರ ಸಿಗುವುದಿಲ್ಲ. ನೀರಿನ ಮಟ್ಟ 50 ಮೀಟರ್ ಆದರೂ ಸರಿ, 500 ಆದರೂ ಸರಿ, ಸಮೀಕರಣಕ್ಕೆ ಎರಡೂ ಒಂದೇ. ಎಲ್ಲಾದರೂ ಒಂದು ಕಡೆ ಮಟ್ಟಕ್ಕೆ ಸಂಬಂಧಪಟ್ಟ ಬೌಂಡರಿ ಇರಲೇಬೇಕು. ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಸುಮ್ನೆ ಸುತ್ತುತ್ತಾ ಇದ್ದರೆ ಇದನ್ನು ಮೊದಲು ನೋಡಿ.

ಕಟ್ಟಿಹಾಕಿದ ಮಟ್ಟ ಅಂದರೆ ಬತ್ತದ ನೀರು

ಸ್ಥಿರ ಮಟ್ಟದ ಬೌಂಡರಿ ಎಲ್ಲರಿಗೂ ಇಷ್ಟ. ಒಂದು ಸಂಖ್ಯೆ ಕೊಟ್ಟರೆ ಸಾಕು, ಮಾಡೆಲ್ ತಕ್ಷಣ ಓಡುತ್ತದೆ. ಆದರೆ ಆ ಸೆಲ್ (ಮಾಡೆಲ್‌ನ ಗ್ರಿಡ್‌ನಲ್ಲಿ ಒಂದು ಚೌಕ) ಎಷ್ಟು ಕೇಳಿದರೂ ಅಷ್ಟು ನೀರು ಕೊಡುತ್ತದೆ. ಸಮುದ್ರಕ್ಕೆ, ದೊಡ್ಡ ಜಲಾಶಯಕ್ಕೆ ಅದು ಒಪ್ಪುತ್ತದೆ. ಸುಮ್ನೆ ಅಂಚಿನಲ್ಲಿ ಒಂದು ವೀಕ್ಷಣಾ ಬಾವಿ ಇದೆ, ಅದರ ಮಟ್ಟವನ್ನು ಇಲ್ಲಿ ಕಟ್ಟಿದ್ದೇನೆ ಎಂದರೆ ನಾನು ಒಪ್ಪುವುದಿಲ್ಲ. ಇವತ್ತು ಅಳೆದ ಮಟ್ಟ, ಪಂಪಿಂಗ್ ಜಾಸ್ತಿಯಾದ ಮೇಲೂ ಅಲ್ಲೇ ನಿಲ್ಲುತ್ತದೆ ಎಂದು ಯಾರು ಹೇಳಿದರು?

ಸಮುದ್ರಕ್ಕೂ ಒಂದು ತಿದ್ದುಪಡಿ ಬೇಕು. ಉಪ್ಪುನೀರಿಗೆ ತೂಕ ಜಾಸ್ತಿ, ಸುಮಾರು ಎರಡೂವರೆ ಶೇಕಡ. ಸಮುದ್ರ ಮಟ್ಟದಿಂದ 40 ಮೀಟರ್ ಆಳದ ಪದರಕ್ಕೆ ಸೊನ್ನೆ ಎಂದು ಕೊಡುವ ಬದಲು, ಸಿಹಿನೀರಿನ ಲೆಕ್ಕದಲ್ಲಿ ಸುಮಾರು 1 ಮೀಟರ್ ಎಂದು ಕೊಡಬೇಕು. ಕರಾವಳಿಯ ಚಪ್ಪಟೆ ನೆಲದಲ್ಲಿ ಒಂದು ಮೀಟರ್ ಅಂದರೆ ಹರಿವಿನ ದಿಕ್ಕೇ ಬದಲಾಗಬಹುದು.

ಅಂಚು ಸಾಕಷ್ಟು ದೂರ ಇದೆಯೋ ಇಲ್ಲವೋ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಆ ಅಂಚಿನಲ್ಲಿ ಸ್ಥಿರ ಮಟ್ಟ ಇಟ್ಟು ಒಮ್ಮೆ ಓಡಿಸಿ. ಆಮೇಲೆ ಅದನ್ನು ತೆಗೆದು, ನೀರು ದಾಟದ ಅಂಚು ಮಾಡಿ ಓಡಿಸಿ. ನಿಮಗೆ ಬೇಕಾದ ಜಾಗದಲ್ಲಿ ಪಂಪಿಂಗ್‌ನಿಂದ ಆಗುವ ಕುಸಿತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಂದರೆ ಅಂಚು ದೂರ ಇದೆ, ಚಿಂತೆ ಇಲ್ಲ. ಬೇರೆ ಬಂದರೆ ನಿಮ್ಮ ಉತ್ತರವನ್ನು ಹೇಳುತ್ತಿರುವುದು ಆ ಅಂಚು. ಮಾಡೆಲ್ ಇನ್ನೂ ದೊಡ್ಡದು ಮಾಡಿ, ಇಲ್ಲವೇ ಜನರಲ್ ಹೆಡ್ ಬೌಂಡರಿ ಬಳಸಿ.

ಜನರಲ್ ಹೆಡ್ ಬೌಂಡರಿ ಅಂದರೆ, ದೂರದ ಕೆರೆಯನ್ನು ಮಾಡೆಲ್ ಒಳಗೆ ತರದೆ ಅದರ ಪ್ರಭಾವ ತರುವುದು. ಇದಕ್ಕೆ ಕಂಡಕ್ಟೆನ್ಸ್, ಅಂದರೆ ಮಟ್ಟದಲ್ಲಿ ಒಂದು ಮೀಟರ್ ವ್ಯತ್ಯಾಸಕ್ಕೆ ಎಷ್ಟು ನೀರು ಹರಿಯುತ್ತದೆ ಎಂಬ ಸಂಖ್ಯೆ, ಬೇಕು: ನೆಲದ ಪಾರಗಮ್ಯತೆ, ಪದರದ ದಪ್ಪ, ಸೆಲ್‌ನ ಅಗಲ ಮೂರನ್ನೂ ಗುಣಿಸಿ, ಕೆರೆಗೆ ಇರುವ ದೂರದಿಂದ ಭಾಗಿಸಿ. ಪಾರಗಮ್ಯತೆ ದಿನಕ್ಕೆ 5 ಮೀಟರ್, 20 ಮೀಟರ್ ದಪ್ಪ, 100 ಮೀಟರ್ ಅಗಲ, 2000 ಮೀಟರ್ ದೂರ ಎಂದರೆ ದಿನಕ್ಕೆ 5 ಚದರ ಮೀಟರ್ ಬರುತ್ತದೆ. ಲೆಕ್ಕ ಹಾಕಲು ಬೇಸರ ಎಂದು ಹತ್ತು ಲಕ್ಷ ಕೊಟ್ಟರೆ, ಹೆಸರು ಬೇರೆ ಇದ್ದರೂ ಅದು ಮತ್ತೆ ಸ್ಥಿರ ಮಟ್ಟವೇ.

ನದಿ

ಇಲ್ಲಿ ನಿಧಾನವಾಗಿ ಹೋಗೋಣ. ಮಾಡ್‌ಫ್ಲೋದ ರಿವರ್ ಪ್ಯಾಕೇಜ್ ಪ್ರತಿ ಸೆಲ್‌ಗೆ ಮೂರು ಸಂಖ್ಯೆ ಕೇಳುತ್ತದೆ: ನದಿಯ ನೀರಿನ ಮಟ್ಟ, ತಳದ ಕೆಸರಿನ ಕಂಡಕ್ಟೆನ್ಸ್, ಆ ಕೆಸರಿನ ಪದರದ ಕೆಳಮಟ್ಟ.

ಸೆಲ್ ಒಳಗೆ ನದಿಯ ಉದ್ದ 100 ಮೀಟರ್, ಅಗಲ 10, ಕೆಸರಿನ ದಪ್ಪ ಅರ್ಧ ಮೀಟರ್, ಅದರ ಪಾರಗಮ್ಯತೆ ದಿನಕ್ಕೆ 0.1 ಮೀಟರ್. ಪಾರಗಮ್ಯತೆ, ಉದ್ದ, ಅಗಲ ಗುಣಿಸಿ ದಪ್ಪದಿಂದ ಭಾಗಿಸಿದರೆ ಕಂಡಕ್ಟೆನ್ಸ್ ದಿನಕ್ಕೆ 200 ಚದರ ಮೀಟರ್. ನದಿಗೂ ನೆಲದ ನೀರಿಗೂ 0.3 ಮೀಟರ್ ವ್ಯತ್ಯಾಸ ಇದ್ದರೆ ಈ ಸೆಲ್‌ನಲ್ಲಿ ದಿನಕ್ಕೆ 60 ಘನ ಮೀಟರ್ ಹರಿಯುತ್ತದೆ. ಆಮೇಲೆ ಗ್ರಿಡ್ ಸಣ್ಣದು ಮಾಡಿ 50 ಮೀಟರ್‌ಗೆ ಇಳಿಸಿದಿರಿ ಎಂದುಕೊಳ್ಳಿ. ಈಗ ಪ್ರತಿ ಸೆಲ್‌ಗೆ ಕಂಡಕ್ಟೆನ್ಸ್ 100 ಆಗಬೇಕು. ಹಳೆಯ 200 ಹಾಗೇ ಉಳಿದರೆ ನದಿಯ ತಳ ಎರಡರಷ್ಟು ಸೋರುತ್ತದೆ, ಒಂದು ಎಚ್ಚರಿಕೆಯೂ ಬರುವುದಿಲ್ಲ. ಮಾಡೆಲ್‌ಮ್ಯೂಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಸೆಲ್ ಒಳಗಿನ ಉದ್ದವನ್ನು ಅದೇ ಗುಣಿಸಿಕೊಳ್ಳುವ ಹಾಗೆ ಸೂತ್ರ ಬರೆಯಬಹುದು. ಹಾಗೇ ಮಾಡಿ.

ಈಗ ಕೆಳಮಟ್ಟ. ನದಿಯ ನೀರು 52 ಮೀಟರ್‌ನಲ್ಲಿದೆ, ಕೆಸರಿನ ಕೆಳಮಟ್ಟ 50.5. ನೆಲದ ನೀರು 50.5ಕ್ಕಿಂತ ಕೆಳಗೆ ಹೋದ ಮೇಲೆ ಎಷ್ಟೇ ಕುಸಿದರೂ ಸೋರಿಕೆ ಹೆಚ್ಚುವುದಿಲ್ಲ. 1.5 ಮೀಟರ್ ಗುಣಿಸು 200, ದಿನಕ್ಕೆ 300 ಘನ ಮೀಟರ್‌ಗೆ ನಿಲ್ಲುತ್ತದೆ. ಸುಮ್ನೆ ಇರಲಿ ಎಂದು ಕೆಳಮಟ್ಟವನ್ನು 40 ಮೀಟರ್ ಎಂದು ಕೊಟ್ಟರೆ ಈ ಮಿತಿಯೇ ಹೋಗಿಬಿಡುತ್ತದೆ.

ಆದರೆ ಮಿತಿ ಸರಿ ಇದ್ದರೂ ಇನ್ನೊಂದು ದೊಡ್ಡ ವಿಷಯ ಉಳಿಯುತ್ತದೆ. ನಮ್ಮ ಕಣಿವೆಯಲ್ಲಿ ಇಂಥ 40 ಸೆಲ್ ಇವೆ, ಅಂದರೆ 4 ಕಿಲೋಮೀಟರ್ ನದಿ. ಪಂಪಿಂಗ್‌ನಿಂದ ನೆಲದ ನೀರು ಎಲ್ಲ ಕಡೆ ಕೆಳಗೆ ಹೋದರೆ ಈ ನದಿ ದಿನಕ್ಕೆ 12,000 ಘನ ಮೀಟರ್ ಕೊಡುತ್ತದೆ. ಬೇಸಿಗೆಯಲ್ಲಿ ಆ ನದಿಯಲ್ಲಿ ಹರಿಯುವುದೇ ದಿನಕ್ಕೆ 5000 ಎಂದಿಟ್ಟುಕೊಳ್ಳಿ. ಉಳಿದ 7000 ಎಲ್ಲಿಂದ ಬಂತು? ರಿವರ್ ಪ್ಯಾಕೇಜ್‌ಗೆ ನದಿಯಲ್ಲಿ ಎಷ್ಟು ನೀರಿದೆ ಎಂಬುದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಟ್ಟ ಮಾತ್ರ.

ವರ್ಷವಿಡೀ ತುಂಬಿ ಹರಿಯುವ ದೊಡ್ಡ ನದಿಗೆ ಇದರಿಂದ ತೊಂದರೆ ಇಲ್ಲ. ಸಣ್ಣ ಹೊಳೆಗೆ, ಬತ್ತುವ ಹಳ್ಳಕ್ಕೆ ಸ್ಟ್ರೀಮ್‌ಫ್ಲೋ ರೂಟಿಂಗ್ ಪ್ಯಾಕೇಜ್ ಬಳಸಿ. ಅದು ಮೇಲಿನಿಂದ ಬಂದ ನೀರನ್ನು ಒಂದೊಂದು ತುಂಡಿಗೂ ಲೆಕ್ಕ ಇಟ್ಟು ಇಳಿಸುತ್ತದೆ. ನೀರು ಮುಗಿದರೆ ಸೋರಿಕೆಯೂ ನಿಲ್ಲುತ್ತದೆ. ಇನ್ಪುಟ್ ತಯಾರಿಸಲು ಜಾಸ್ತಿ ಸಮಯ ಬೇಕು, ಆದರೆ ನೀರಿನ ಅಭಾವದ ಪ್ರಶ್ನೆಗೆ ಉತ್ತರ ಹುಡುಕುವ ಮಾಡೆಲ್‌ನಲ್ಲಿ ಈ ಕೆಲಸ ಬಿಡುವ ಹಾಗಿಲ್ಲ.

ನೀರನ್ನು ಹೊರಗೆ ಮಾತ್ರ ಒಯ್ಯುವ ಜಾಗಕ್ಕೆ, ಅಂದರೆ ಊಟೆ, ಗಣಿಯ ಹೊಂಡ, ಬಸಿಗಾಲುವೆಗೆ, ಡ್ರೇನ್ ಪ್ಯಾಕೇಜ್ ಸಾಕು. ನೆಲದ ನೀರು ಅದರ ಮಟ್ಟಕ್ಕಿಂತ ಕೆಳಗಿಳಿದರೆ ಅದು ಸುಮ್ಮನಾಗುತ್ತದೆ, ವಾಪಸ್ ನೀರು ಕೊಡುವುದಿಲ್ಲ.

ರೀಚಾರ್ಜ್, ಬಾವಿ, ಚಿಹ್ನೆ

ರೀಚಾರ್ಜ್, ಅಂದರೆ ಮಳೆಯಿಂದ ಇಂಗಿ ಅಂತರ್ಜಲಕ್ಕೆ ಸೇರುವ ನೀರು, ಕೊಡುವಾಗ ಯೂನಿಟ್ ನೋಡಿ. ವರ್ಷಕ್ಕೆ 100 ಮಿಲಿಮೀಟರ್ ಅಂದರೆ ದಿನಕ್ಕೆ 0.000274 ಮೀಟರ್. 20 ಚದರ ಕಿಲೋಮೀಟರ್ ಕಣಿವೆಗೆ ಇದು ದಿನಕ್ಕೆ ಸುಮಾರು 5480 ಘನ ಮೀಟರ್. ಈ ಗುಣಾಕಾರ ಕೈಯಲ್ಲಿ ಮಾಡಿ, ಬಜೆಟ್‌ನಲ್ಲಿರುವ ಸಂಖ್ಯೆಗೆ ಹೋಲಿಸಿ.

ಬಾವಿಗೆ ಮಾಡ್‌ಫ್ಲೋದಲ್ಲಿ ಮೈನಸ್ ಅಂದರೆ ತೆಗೆಯುವುದು. ಫೀಫ್ಲೋ ಎಂಬ ಇನ್ನೊಂದು ಅಂತರ್ಜಲ ಸಾಫ್ಟ್‌ವೇರ್‌ನಲ್ಲಿ ಉಲ್ಟಾ, ಅಲ್ಲಿ ಪ್ಲಸ್ ಅಂದರೆ ತೆಗೆಯುವುದು. ಒಂದರಿಂದ ಇನ್ನೊಂದಕ್ಕೆ ಹೋದಾಗ ಮೊದಲ ದಿನವೇ ಇದನ್ನು ನೋಡಿಕೊಳ್ಳಿ. ಇನ್ನು ಪಂಪ್‌ನ ಸಾಮರ್ಥ್ಯವೇ ದಿನದ ಹರಿವಲ್ಲ. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪ್ ದಿನವಿಡೀ ಓಡಿದರೆ 864 ಘನ ಮೀಟರ್, ಆರು ಗಂಟೆ ಓಡಿದರೆ 216. ತಿಂಗಳ ಸ್ಟ್ರೆಸ್ ಪೀರಿಯಡ್‌ಗೆ (ಪಂಪಿಂಗ್, ರೀಚಾರ್ಜ್ ಸಂಖ್ಯೆಗಳು ಬದಲಾಗದೆ ಇರುವ ಅವಧಿ) ಹೋಗಬೇಕಾದದ್ದು ಮೈನಸ್ 216.

ಹೆಕ್-ರಾಸ್‌ನಲ್ಲಿ

ಶಾಂತವಾಗಿ ಹರಿಯುವ ನದಿಯಲ್ಲಿ ಕೆಳಗಿನ ಮಟ್ಟ ಮೇಲಿನದನ್ನು ಹಿಡಿದಿಡುತ್ತದೆ. ಆದ್ದರಿಂದ ಸ್ಥಿರ ಹರಿವಿನ ಲೆಕ್ಕಕ್ಕೆ ಕೆಳ ತುದಿಯ ಬೌಂಡರಿ ಬೇಕು. ಕಡಿದಾದ ಜಾಗದಲ್ಲಿ ರಭಸವಾಗಿ ಹರಿದರೆ ಮೇಲಿನ ತುದಿಯದು ಬೇಕು. ಎರಡೂ ಬೆರೆತಿದ್ದರೆ ಎರಡೂ ಕಡೆ ಕೊಡಿ. ಕಾಲದ ಜೊತೆ ಬದಲಾಗುವ ಹರಿವಿಗೆ ಸಾಮಾನ್ಯವಾಗಿ ಮೇಲೆ ಫ್ಲೋ ಹೈಡ್ರೋಗ್ರಾಫ್ (ಕಾಲಕ್ಕೆ ತಕ್ಕ ಹರಿವಿನ ದಾಖಲೆ), ಕೆಳಗೆ ಮಟ್ಟದ ದಾಖಲೆ, ರೇಟಿಂಗ್ ಕರ್ವ್ (ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಗೆರೆ) ಅಥವಾ ನಾರ್ಮಲ್ ಡೆಪ್ತ್ (ಇಳಿಜಾರಿನಿಂದ ಲೆಕ್ಕ ಹಾಕಿದ ಆಳ).

ನಾರ್ಮಲ್ ಡೆಪ್ತ್‌ಗೆ ಇಳಿಜಾರು ಒಂದು ಕೊಟ್ಟರೆ ಸಾಕು, ಅದಕ್ಕೇ ಎಲ್ಲರೂ ಅದನ್ನೇ ಹಾಕುತ್ತಾರೆ. ಅದು ಅಂದಾಜು ಎಂಬುದು ನೆನಪಿರಲಿ. ತಪ್ಪು ಅಂದಾಜಿನ ಪರಿಣಾಮ ಮೇಲಕ್ಕೆ ಎಷ್ಟು ದೂರ ಹೋಗುತ್ತದೆ ಎಂದು ನೋಡಲು ಒಂದು ಸೂತ್ರ: ನೀರಿನ ಆಳವನ್ನು 0.7ರಿಂದ ಗುಣಿಸಿ ಇಳಿಜಾರಿನಿಂದ ಭಾಗಿಸಿ. 3 ಮೀಟರ್ ಆಳ, 0.0005 ಇಳಿಜಾರು ಇದ್ದರೆ 4200 ಮೀಟರ್. ನೀವು ನೋಡಬೇಕಾದ ಸೇತುವೆ ಕೆಳ ತುದಿಯಿಂದ ಒಂದು ಕಿಲೋಮೀಟರ್‌ನಲ್ಲಿದ್ದರೆ ಮಾಡೆಲ್ ಸಾಲದು, ಇನ್ನೂ ಕೆಳಗೆ ಎಳೆಯಿರಿ. ಆಮೇಲೆ ಇಳಿಜಾರನ್ನು ಅರ್ಧ ಮಾಡಿ, ಎರಡರಷ್ಟು ಮಾಡಿ ಓಡಿಸಿ. ಸೇತುವೆಯ ಹತ್ತಿರ ಮಟ್ಟ ಕದಲದಿದ್ದರೆ ಸರಿ.

ಎರಡು ಆಯಾಮದ ಪ್ರದೇಶದಲ್ಲಿ ಬೌಂಡರಿ ಗೆರೆ ಇಲ್ಲದ ಅಂಚು ಗೋಡೆ ಇದ್ದ ಹಾಗೆ. ಪ್ರವಾಹದ ನೀರು ಅಲ್ಲಿಗೆ ಬಂದು ನಿಂತು ಏರುತ್ತದೆ. ಅತಿ ಹೆಚ್ಚು ಆಳದ ನಕ್ಷೆ ತೆರೆದು ಅಂಚುಗಳನ್ನು ಸುತ್ತಿ ನೋಡಿ. ನೀರು ಅಂಚಿಗೆ ಅಂಟಿ ನಿಂತಿದ್ದರೆ ಅಲ್ಲಿ ಹೊರದಾರಿ ಬೇಕು, ಅಥವಾ ಪ್ರದೇಶ ದೊಡ್ಡದಾಗಬೇಕು.

ಎರಡನ್ನೂ ಜೋಡಿಸುವಾಗ

ನದಿ ಮಾಡೆಲ್‌ನ ಮಟ್ಟವನ್ನು ಅಂತರ್ಜಲ ಮಾಡೆಲ್‌ಗೆ ಕೊಡುವ ಮೊದಲು ಎರಡೂ ಒಂದೇ ಎತ್ತರದ ಆಧಾರದಲ್ಲಿವೆಯೇ ನೋಡಿ. ಅರ್ಧ ಮೀಟರ್ ವ್ಯತ್ಯಾಸ ನಕ್ಷೆಯಲ್ಲಿ ಕಾಣುವುದಿಲ್ಲ, ಆದರೆ ಮೇಲಿನ ನದಿಯಲ್ಲಿ ಅದು ಪ್ರತಿ ಸೆಲ್‌ಗೆ ದಿನಕ್ಕೆ 100 ಘನ ಮೀಟರ್.

ಕಾಲದ ಹೆಜ್ಜೆಯೂ ಬೇರೆ. ಹೆಕ್-ರಾಸ್ ಸೆಕೆಂಡುಗಳಲ್ಲಿ ನಡೆಯುತ್ತದೆ, ಅಂತರ್ಜಲ ತಿಂಗಳುಗಳಲ್ಲಿ. ತಿಂಗಳ ಸರಾಸರಿ ಮಟ್ಟ ಕೊಡುವುದು ಸಾಮಾನ್ಯ. ಆದರೆ ಹಳ್ಳ ಹತ್ತು ದಿನ ಹರಿದು ಇಪ್ಪತ್ತು ದಿನ ಒಣಗಿದ್ದರೆ ಸರಾಸರಿಗೆ ಅರ್ಥವಿಲ್ಲ. ಸ್ಟ್ರೆಸ್ ಪೀರಿಯಡ್ ಒಡೆದು ಹರಿದ ದಿನಗಳನ್ನು ಬೇರೆ ಮಾಡಿ. ಹಾಗೆಯೇ, ಮಳೆಯಲ್ಲಿ ಇಂಗಿತು ಎಂದು ಮೇಲ್ಮೈ ಮಾಡೆಲ್ ಕಳೆದ ನೀರೆಲ್ಲ ರೀಚಾರ್ಜ್ ಅಲ್ಲ. ಗಿಡಮರ ಕುಡಿಯುವುದು, ಮಣ್ಣಿನಿಂದ ಆವಿಯಾಗುವುದು ಅದರಲ್ಲೇ ಇದೆ.

ಪಂಪ್ ಹಾಕಿ ಒಮ್ಮೆ, ಹಾಕದೆ ಒಮ್ಮೆ

ಬಜೆಟ್‌ನ ಕೊನೆಯಲ್ಲಿ ಒಳ ಬಂದದ್ದಕ್ಕೂ ಹೊರ ಹೋದದ್ದಕ್ಕೂ ಇರುವ ವ್ಯತ್ಯಾಸ ಶೇಕಡಾದಲ್ಲಿ ಇರುತ್ತದೆ. ಅದು ಒಂದಕ್ಕಿಂತ ಕಡಿಮೆ ಇದ್ದರೆ ಲೆಕ್ಕ ಕೂಡಿತು ಅಂತ ಮಾತ್ರ. ಬೌಂಡರಿ ಸರಿ ಇದೆ ಅಂತ ಅಲ್ಲ.

ಬೌಂಡರಿ ಪರೀಕ್ಷೆಗೆ ಸ್ಥಿರ ಸ್ಥಿತಿಯ ಮಾಡೆಲನ್ನು ಪಂಪಿಂಗ್ ಇಲ್ಲದೆ ಓಡಿಸಿ, ಬಜೆಟ್ ಉಳಿಸಿಕೊಳ್ಳಿ. ಆಮೇಲೆ ದಿನಕ್ಕೆ 2000 ಘನ ಮೀಟರ್ ಪಂಪಿಂಗ್ ಕೊಟ್ಟು ಓಡಿಸಿ. ಎರಡು ಪಟ್ಟಿಗಳನ್ನು ಸಾಲು ಸಾಲಾಗಿ ಕಳೆಯಿರಿ. ಎತ್ತಿದ ನೀರು ಸಂಗ್ರಹದಿಂದ ಬರಬೇಕು, ಒಳಹರಿವು ಹೆಚ್ಚಿ ಬರಬೇಕು ಅಥವಾ ಹೊರಹರಿವು ತಗ್ಗಿ ಬರಬೇಕು ಎಂದು ಅಮೆರಿಕದ ಅಂತರ್ಜಲ ವಿಜ್ಞಾನಿ ಚಾರ್ಲ್ಸ್ ಥೈಸ್ 1940ರಲ್ಲೇ ತೋರಿಸಿದ್ದರು. ಸ್ಥಿರ ಸ್ಥಿತಿಯಲ್ಲಿ ಸಂಗ್ರಹ ಇಲ್ಲ, ಹಾಗಾಗಿ ಬದಲಾವಣೆಗಳೆಲ್ಲ ಕೂಡಿ 2000 ಆಗಬೇಕು. ಅದರಲ್ಲಿ ನದಿಗೆ ಹೋಗುತ್ತಿದ್ದ ನೀರು 600 ಕಡಿಮೆಯಾಗಿ, ಪೂರ್ವದ ಸ್ಥಿರ ಮಟ್ಟದ ಅಂಚಿನಿಂದ 1400 ಜಾಸ್ತಿ ಬಂದಿದ್ದರೆ, ಕಾಗದದ ಚಿತ್ರಕ್ಕೆ ವಾಪಸ್ ಹೋಗಿ. ಪೂರ್ವದಲ್ಲಿ ದಿನಕ್ಕೆ 1400 ಕೊಡುವಂಥದ್ದು ಏನಿದೆ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ಅಂಚನ್ನು ತೆಗೆದು ಹಾಕಿ, ಮತ್ತೆ ಓಡಿಸಿ, ಮತ್ತೆ ಕಳೆಯಿರಿ.