ಬ್ರಿಸ್ಬೇನಿಗೆ ಹೊಸದಾಗಿ ಬಂದವರಿಗೆ: ಇಲ್ಲಿನ ನೀರು, ಬಿಸಿಲು, ಜನ

ಬ್ರಿಸ್ಬೇನಿಗೆ ಬಂದಿಳಿದ ಕನ್ನಡದವರು ಮೊದಲ ವಾರದಲ್ಲೇ ಒಂದು ಮಾತು ಹೇಳುತ್ತಾರೆ: "ಇದು ನಮ್ಮ ಮಂಗಳೂರಿನ ಹಾಗೇ ಇದೆಯಲ್ಲ!" ಬೀದಿ ಬದಿಯಲ್ಲಿ ಮಾವಿನ ಮರ, ಬೇಲಿಯಾಚೆ ಬಾಳೆ, ದಾಸವಾಳ, ಪಪ್ಪಾಯಿ. ಮುಸ್ಸಂಜೆಗೆ ಸಾಲುಗಟ್ಟಿ ಹೊರಡುವ ಬಾವಲಿಗಳು, ಮೈಗೆ ಅಂಟುವ ಸೆಕೆ. ಹದಿನಾಲ್ಕು ವರ್ಷಗಳ ಹಿಂದೆ ನಾನೂ ಹಾಗೆಯೇ ಅಂದಿದ್ದೆ. ಆದರೆ ಇಲ್ಲಿನ ನೀರಿನ ನಡೆ ಬೇರೆ, ಬಿಸಿಲಿನ ದಿಕ್ಕು ಬೇರೆ. ಇವೆರಡನ್ನೂ ತಿಳಿಯದೆ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ ಎನ್ನುವುದೇ ಈ ಬರಹದ ಉದ್ದೇಶ.

ಮೊದಲು ಊರು ಎಲ್ಲಿ ಕೂತಿದೆ ನೋಡೋಣ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 27.5 ಡಿಗ್ರಿ, ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಕರಾವಳಿಯ ಊರಾದರೂ ನಡುಪೇಟೆಯಿಂದ ಸಮುದ್ರ ಕಾಣಿಸುವುದಿಲ್ಲ. ಬ್ರಿಸ್ಬೇನ್ ನದಿ ಊರೊಳಗೆ ಹಾವಿನಂತೆ ತಿರುಗಿ ತಿರುಗಿ ವಿಮಾನ ನಿಲ್ದಾಣದ ಪಕ್ಕದಲ್ಲಿ ಮೋರ್ಟನ್ ಕೊಲ್ಲಿಗೆ ಸೇರುತ್ತದೆ. ಕೊಲ್ಲಿಯಾಚೆ ಮೋರ್ಟನ್ ಮತ್ತು ಸ್ಟ್ರಾಡ್‌ಬ್ರೋಕ್ ಎಂಬ ಮರಳಿನ ದ್ವೀಪಗಳು ಪೆಸಿಫಿಕ್ ಸಾಗರದ ದೊಡ್ಡ ಅಲೆಗಳನ್ನು ತಡೆಯುತ್ತವೆ. ಹಾಗಾಗಿ ಊರಿನ ದಂಡೆಯಲ್ಲಿ ಸಿಗುವುದು ಕೆಸರು, ಕಾಂಡ್ಲಾ ಕಾಡು, ಸಣ್ಣ ಅಲೆ. ಸಿನಿಮಾದಲ್ಲಿ ಕಾಣುವಂಥ ಬೀಚ್ ಬೇಕೆಂದರೆ ದಕ್ಷಿಣಕ್ಕೆ ಗೋಲ್ಡ್ ಕೋಸ್ಟಿಗೋ ಉತ್ತರಕ್ಕೆ ಸನ್‌ಶೈನ್ ಕೋಸ್ಟಿಗೋ ಕಾರಿನಲ್ಲಿ ಒಂದು ಗಂಟೆಗೂ ಮಿಕ್ಕ ದಾರಿ. ಅಲ್ಲಿಗೆ ಹೋದಾಗ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬಾವುಟದಾಚೆ ನೀರು ಶಾಂತವಾಗಿ ಕಂಡ ಜಾಗದಲ್ಲೇ ಸೆಳೆತ ಹೆಚ್ಚಿರುತ್ತದೆ. ಈಜು ಬಲ್ಲವರನ್ನೂ ಅದು ಎಳೆದೊಯ್ದಿದೆ.

ಊರಿನ ನಕ್ಷೆ ತಲೆಯಲ್ಲಿ ಕೂರಬೇಕಾದರೆ ಒಂದು ಶನಿವಾರ ಸಿಟಿಕ್ಯಾಟ್ ದೋಣಿ ಹತ್ತಿ. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಧಕ್ಕೆಯಿಂದ ಹ್ಯಾಮಿಲ್ಟನ್ ತನಕ ಹೋಗಿ ಬನ್ನಿ. 2024ರ ಆಗಸ್ಟಿನಿಂದ ಬಸ್ಸು, ರೈಲು, ದೋಣಿ ಎಲ್ಲಕ್ಕೂ ಟಿಕೆಟ್ 50 ಸೆಂಟ್. ನದಿ ಎಷ್ಟು ಸುತ್ತುತ್ತದೆ ಎಂದರೆ ಒಂದೇ ದಡದಲ್ಲಿದ್ದೇವೆ ಅಂದುಕೊಂಡ ಎರಡು ಬಡಾವಣೆಗಳ ನಡುವೆ ಎರಡು ಸೇತುವೆ ದಾಟಬೇಕಾಗುತ್ತದೆ. ನಡುಪೇಟೆಯ ಬೀದಿಗಳು ಮಾತ್ರ ಸುಲಭ: ಆನ್, ಅಡಿಲೇಡ್, ಕ್ವೀನ್, ಎಲಿಜಬೆತ್, ಷಾರ್ಲೆಟ್, ಮೇರಿ, ಮಾರ್ಗರೆಟ್, ಆಲಿಸ್ ಎಂದು ಹೆಣ್ಣು ಹೆಸರಿನವೆಲ್ಲ ಒಂದು ದಿಕ್ಕಿಗೆ, ವಿಲಿಯಂ, ಜಾರ್ಜ್, ಆಲ್ಬರ್ಟ್, ಎಡ್ವರ್ಡ್ ಎಂದು ಗಂಡು ಹೆಸರಿನವು ಅವನ್ನು ಅಡ್ಡ ಹಾಯುತ್ತವೆ.

ಈಗ ನೆರೆಯ ವಿಷಯ. ಇದನ್ನು ಯಾರೂ ನಿಮಗೆ ತಾವಾಗಿ ಹೇಳುವುದಿಲ್ಲ, ಆದ್ದರಿಂದ ನಾನು ವಿವರವಾಗಿಯೇ ಹೇಳುತ್ತೇನೆ.

ಈ ನದಿಗೆ ನೆರೆ ಹೊಸತಲ್ಲ. ನಡುಪೇಟೆಯ ಮಾಪಕದಲ್ಲಿ ನೀರು 1893ರಲ್ಲಿ 8.35 ಮೀಟರ್, 1974ರಲ್ಲಿ 5.45, 2011ರ ಜನವರಿಯಲ್ಲಿ 4.46, 2022ರ ಫೆಬ್ರವರಿಯಲ್ಲಿ 3.85 ಮೀಟರ್ ಏರಿತ್ತು. 1974ರ ಬಳಿಕ ಮೇಲ್ಗಡೆ ವೈವನ್‌ಹೋ ಅಣೆಕಟ್ಟು ಕಟ್ಟಿದರು. "ಅಣೆಕಟ್ಟು ಇದೆಯಲ್ಲ, ಇನ್ನೇನು ಭಯ" ಎಂದು ಹೇಳುವವರು ಈಗಲೂ ಸಿಗುತ್ತಾರೆ. ಆದರೆ ಲಾಕ್‌ಯರ್ ಹಳ್ಳವೂ ಪಶ್ಚಿಮದ ಇಪ್ಸ್‌ವಿಚ್ ಊರಿನ ಬ್ರೆಮರ್ ನದಿಯೂ ಬಂದು ಸೇರುವುದು ಅಣೆಕಟ್ಟಿನ ಕೆಳಗೆ. ಅವುಗಳ ನೀರನ್ನು ಅಣೆಕಟ್ಟು ಹಿಡಿದಿಡಲಾರದು. ಮೇಲಾಗಿ ನದಿ ಊರೊಳಗೆ ಹರಿಯುವಷ್ಟು ಉದ್ದಕ್ಕೂ ಸಮುದ್ರದ ಭರತ ಇಳಿತಕ್ಕೆ ಸಿಕ್ಕಿದ ಅಳಿವೆಯೇ. ಭರತದ ಹೊತ್ತಿಗೆ ಮಳೆನೀರು ಬಂದರೆ ಅದು ಹೊರಹೋಗಲು ಜಾಗವೇ ಇರುವುದಿಲ್ಲ.

2022ರ ಫೆಬ್ರವರಿ ಕೊನೆಯಲ್ಲಿ ಮೂರು ದಿನಕ್ಕೆ 600 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಇಲ್ಲಿ ಒಂದು ಇಡೀ ವರ್ಷಕ್ಕೆ ಬೀಳುವುದು ಸಾವಿರಕ್ಕಿಂತ ತುಸು ಹೆಚ್ಚು. ಆಗ ನಾವಿದ್ದ ಬಾಡಿಗೆ ಮನೆ ನದಿಯಿಂದ ಎಷ್ಟೋ ದೂರ. ಮನೆ ತೋರಿಸಿದ ಏಜೆಂಟ್ "ನದಿ ಇಲ್ಲಿಗೆ ಬಂದೇ ಇಲ್ಲ" ಎಂದಿದ್ದರು. ಅದು ನಿಜ, ನದಿ ಬರಲಿಲ್ಲ. ಹಿತ್ತಲಿನಾಚೆ, ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುತ್ತಿದ್ದ ಸಣ್ಣ ತೊರೆ ಬಂತು. ಶನಿವಾರ ರಾತ್ರಿ ಹನ್ನೊಂದಕ್ಕೆ ಗ್ಯಾರೇಜಿನಲ್ಲಿ ಪಾದ ನೆನೆಯುವಷ್ಟಿದ್ದ ನೀರು, ಒಂದು ಗಂಟೆಗೆ ಕಾರಿನ ಸೀಟು ಮುಟ್ಟಿತ್ತು. ಊರಿಂದ ತಂದ ಹಳೆಯ ಆಲ್ಬಮ್ಮುಗಳಿದ್ದ ಪೆಟ್ಟಿಗೆ ಕೆಳಗೇ ಇತ್ತು. ಅಜ್ಜಿಯ ಮದುವೆಯ ಪಟ ಅದರಲ್ಲಿತ್ತು, ಬೇರೆ ಪ್ರತಿ ಇಲ್ಲ.

ಅದಕ್ಕೇ ಹೇಳುತ್ತೇನೆ: ಇಲ್ಲಿ ನೆರೆ ಎಂದರೆ ನದಿಯದು ಮಾತ್ರವಲ್ಲ. ತೊರೆಯದು ಇನ್ನೊಂದು, ಇಳಿಜಾರಿನ ಮೇಲೆ ಹರಿದು ಬರುವ ಮಳೆನೀರು ಮತ್ತೊಂದು, ಕೊಲ್ಲಿಯ ಬದಿಯಲ್ಲಿ ಚಂಡಮಾರುತದ ಜೊತೆ ಉಕ್ಕುವ ಸಮುದ್ರದ್ದು ಬೇರೆಯೇ. ಬ್ರಿಸ್ಬೇನ್ ಸಿಟಿ ಕೌನ್ಸಿಲಿನ ಜಾಲತಾಣದಲ್ಲಿ ಅದರ ವ್ಯಾಪ್ತಿಯ ಯಾವುದೇ ಮನೆಯ ವಿಳಾಸ ಕೊಟ್ಟರೆ, ಅಲ್ಲಿನ ನೆರೆಯ ಅಪಾಯ ತಿಳಿಸುವ ಫ್ಲಡ್‌ವೈಸ್ ಪ್ರಾಪರ್ಟಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಮನೆ ನೋಡಲು ಹೋಗುವ ಮೊದಲೇ ಅದನ್ನು ತೆಗೆದು ಓದಿ. ರಾಕ್ಲೀ, ಗ್ರೇಸ್‌ವಿಲ್, ಫೇರ್‌ಫೀಲ್ಡ್, ಆಕನ್‌ಫ್ಲವರ್, ವೆಸ್ಟ್ ಎಂಡ್ ಕಡೆಗಳಲ್ಲಿ ಒಂದೇ ಬೀದಿಯ ಒಂದು ಮನೆ ಮುಳುಗಿ ನಾಲ್ಕನೆಯದು ಒಣಗಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಡಾವಣೆಯ ಹೆಸರು ನೋಡಿ ಒಪ್ಪುವುದೂ ತಪ್ಪು, ಬಿಡುವುದೂ ತಪ್ಪು. ಆ ಒಂದು ಮನೆ ಎಷ್ಟು ದಿಬ್ಬದ ಮೇಲಿದೆ ಎಂಬುದಷ್ಟೇ ಲೆಕ್ಕ. ಬಾಡಿಗೆಯವರಾದರೂ ನಿಮ್ಮ ಸಾಮಾನಿಗೆ ವಿಮೆ ಮಾಡಿಸಿ, ಅದರಲ್ಲಿ ನೆರೆ ಸೇರಿದೆಯೇ ಎಂದು ಓದಿ ನೋಡಿ. ಮಾಲೀಕರ ವಿಮೆ ಗೋಡೆಗೆ ಮಾತ್ರ, ನಿಮ್ಮ ಮಂಚ-ಬೀರುವಿಗಲ್ಲ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರು ಇಳಿಸಲೇಬೇಡಿ, ಮೊಣಕಾಲುದ್ದವೇ ಇರಲಿ. ಛಾವಣಿ ಹಾರಿಹೋದರೆ, ಮನೆಗೆ ನೀರು ನುಗ್ಗಿದರೆ ರಾಜ್ಯದ ತುರ್ತು ಸೇವೆಯಾದ ಎಸ್‌ಇಎಸ್‌ನ ಸ್ವಯಂಸೇವಕರನ್ನು 132 500ರಲ್ಲಿ ಕರೆಯಿರಿ. ಜೀವಕ್ಕೇ ಅಪಾಯವಾದರೆ 000.

ಇಷ್ಟೆಲ್ಲ ನೀರಿನ ಕಥೆ ಕೇಳಿ ಇದು ಸದಾ ಮಳೆಯ ಊರು ಅಂದುಕೊಳ್ಳಬೇಡಿ. ಮಂಗಳೂರಿನ ಮಳೆಯ ಮೂರನೇ ಒಂದು ಪಾಲೂ ಇಲ್ಲಿ ಬೀಳುವುದಿಲ್ಲ. ವರ್ಷದ ಲೆಕ್ಕ ಹೆಚ್ಚು ಕಡಿಮೆ ಬೆಂಗಳೂರಿನದೇ. 2007ರಲ್ಲಿ ಅಣೆಕಟ್ಟುಗಳು ಶೇ 20ಕ್ಕಿಂತ ಕೆಳಗಿಳಿದು, ಒಬ್ಬರಿಗೆ ದಿನಕ್ಕೆ 140 ಲೀಟರಿನಲ್ಲಿ ಸುಧಾರಿಸಿ ಎಂದು ಸರ್ಕಾರವೇ ಕೇಳಿಕೊಂಡಿತ್ತು. ಆಗ ಇದ್ದವರು ಇಂದಿಗೂ ನಾಲ್ಕು ನಿಮಿಷದಲ್ಲಿ ಸ್ನಾನ ಮುಗಿಸುತ್ತಾರೆ. ಹಲವು ಮನೆಗಳ ಹಿತ್ತಲಲ್ಲಿ ಕಾಣುವ ಮಳೆನೀರಿನ ಟ್ಯಾಂಕುಗಳೂ ಆ ಕಾಲದವೇ.

ಇನ್ನು ಬಿಸಿಲು. ಇಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದಲ್ಲಿ. ನಮ್ಮ ಊರುಗಳಲ್ಲಿ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ಇಲ್ಲಿ ಒಮ್ಮೆಯೂ ಇಲ್ಲ, ನಡುಮಧ್ಯಾಹ್ನದ ನೆರಳು ಸದಾ ದಕ್ಷಿಣಕ್ಕೇ ಬೀಳುತ್ತದೆ. ಜೂನಿನಲ್ಲಂತೂ ಸೂರ್ಯ ಉತ್ತರದ ಬಾನಿನಲ್ಲಿ ಅರ್ಧದಷ್ಟೂ ಏರುವುದಿಲ್ಲ. ಇದು ಸಣ್ಣ ಸಂಗತಿಯಲ್ಲ. ಪಡಸಾಲೆ ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಸೂರ್ಯ ಮೇಲಿರುವುದರಿಂದ ಸೂರಿನ ನೆರಳೇ ಸಾಕಾಗುತ್ತದೆ. ದಕ್ಷಿಣಕ್ಕಿರುವ ಕೋಣೆ ಜುಲೈನಲ್ಲಿ ನೆಲಮಾಳಿಗೆಯಂತೆ ಕೊರೆಯುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇದ್ದರೆ ಜನವರಿಯ ಸಂಜೆ ಆರರವರೆಗೂ ಕೋಣೆ ಕಾದ ಹೆಂಚು. ನಮ್ಮ ಜನ ವಾಸ್ತು ನೋಡಿ ಬಾಗಿಲಿನ ದಿಕ್ಕು ಕೇಳುತ್ತಾರೆ. ಅದನ್ನು ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಫೋನಿನ ದಿಕ್ಸೂಚಿ ತೆಗೆದು ಕಿಟಕಿಯ ದಿಕ್ಕನ್ನೂ ನೋಡಿ.

ಹಬ್ಬಗಳೂ ಋತು ಬದಲಿಸಿವೆ. ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ಹೊರಳಿದ ಎಂದರೆ ಇಲ್ಲಿಂದ ದೂರ ಹೊರಟ ಎಂದರ್ಥ. ಎಳ್ಳು-ಬೆಲ್ಲ ಬೀರುವುದು 30 ಡಿಗ್ರಿ ಸೆಕೆಯಲ್ಲಿ, ಕೊಬ್ಬರಿ ಡಬ್ಬದಲ್ಲೇ ಮುಗ್ಗಿ ಹೋಗುವ ತಿಂಗಳಲ್ಲಿ. ಯುಗಾದಿ ಬರುವುದು ಸೆಕೆ ಇಳಿಯುವ ಹೊತ್ತಿಗೆ, ದೀಪಾವಳಿ ಗುಡುಗಿನ ಕಾಲ ಶುರುವಾಗುವಾಗ. ಜನವರಿಯಲ್ಲಿ ಹಗಲು ಸುಮಾರು 30, ರಾತ್ರಿ 21 ಡಿಗ್ರಿ. ಜುಲೈನಲ್ಲಿ ಹಗಲು 22, ರಾತ್ರಿ 10ರ ಆಸುಪಾಸು. ಕೊಲ್ಲಿಯ ಬದಿಗೆ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬೀಸುತ್ತದೆ. ಅದು ತಲುಪದ ಇಪ್ಸ್‌ವಿಚ್ ಕಡೆ ಬೇಸಿಗೆ ಇನ್ನೂ ಹೆಚ್ಚು ಸುಡುತ್ತದೆ, ಚಳಿಗಾಲದ ಬೆಳಗಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಆ ಕಡೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಹೊಸ ಮನೆ ಅಗ್ಗಕ್ಕೆ ಸಿಕ್ಕಿತೆಂದು ಹೋಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಸಿಲಿನ ಯುವಿ (ಅತಿನೇರಳೆ ಕಿರಣ) ಸೂಚ್ಯಂಕ ಬೇಸಿಗೆಯಲ್ಲಿ 11 ದಾಟುವುದು ದಿನನಿತ್ಯದ ಮಾತು. 3 ದಾಟಿದರೆ ಟೋಪಿ, ಸನ್‌ಸ್ಕ್ರೀನ್ ಎನ್ನುವುದು ಇಲ್ಲಿನ ನಿಯಮ, ಅದು ಜುಲೈನಲ್ಲೂ ದಾಟುತ್ತದೆ. ಟೋಪಿ ಇಲ್ಲದ ಮಗುವನ್ನು ಶಾಲೆಯಲ್ಲಿ ಬಯಲಿಗೆ ಆಡಲು ಬಿಡುವುದಿಲ್ಲ.

ಅಕ್ಟೋಬರಿನಿಂದ ಸಂಜೆ ಗುಡುಗು-ಮಳೆ. ಮಧ್ಯಾಹ್ನವೆಲ್ಲ ಧಗೆ, ಮೂರು ಗಂಟೆಗೆ ಪಶ್ಚಿಮದಲ್ಲಿ ಕಪ್ಪು ಮೋಡ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಮತ್ತೆ ಬಿಸಿಲು. ಮೋಡ ಹಸಿರು ಛಾಯೆಗೆ ತಿರುಗಿದರೆ ಆಲಿಕಲ್ಲು ಎಂದು ಇಲ್ಲಿನವರು ಹೇಳುತ್ತಾರೆ, ಕಾರನ್ನು ಸೂರಿನಡಿಗೆ ಸೇರಿಸಲು ಓಡುತ್ತಾರೆ. 2014ರ ನವೆಂಬರ್ 27ರಂದು ನಡುಪೇಟೆಯಲ್ಲೂ, 2020ರ ಅಕ್ಟೋಬರ್ 31ರಂದು ಸ್ಪ್ರಿಂಗ್‌ಫೀಲ್ಡ್ ಕಡೆಯಲ್ಲೂ ಬಿದ್ದ ಆಲಿಕಲ್ಲು ಗಾಜು, ಹೆಂಚು, ಕಾರು ಯಾವುದನ್ನೂ ಬಿಡಲಿಲ್ಲ. ಹವಾಮಾನ ಇಲಾಖೆಯ ಬಿಓಎಂ ಆ್ಯಪ್ ಹಾಕಿಕೊಂಡು ಮಳೆಯ ರೇಡಾರ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಇಲ್ಲಿನವರು ಬಟ್ಟೆ ಒಣಹಾಕುವ ಮೊದಲೂ ಅದನ್ನು ನೋಡುತ್ತಾರೆ. ಚಂಡಮಾರುತ ಇಷ್ಟು ದಕ್ಷಿಣಕ್ಕೆ ಬರುವುದು ಅಪರೂಪ, ಆದರೂ 2025ರ ಮಾರ್ಚಿನಲ್ಲಿ ಆಲ್ಫ್ರೆಡ್ ಬಂದು ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ನವೆಂಬರಿಗೆ ಮುಂಚೆ ಟಾರ್ಚ್, ಪವರ್ ಬ್ಯಾಂಕ್, ಕುಡಿಯುವ ನೀರು ಎತ್ತಿಟ್ಟುಕೊಳ್ಳಿ.

ಫೆಬ್ರವರಿ-ಮಾರ್ಚಿನ ತೇವಕ್ಕೆ ಬೀರುವಿನಲ್ಲಿ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಸೀರೆಗಳನ್ನು ಆಗಾಗ ಗಾಳಿಗೆ ಹಾಕಿ. ರವೆ, ಬೇಳೆ ಫ್ರಿಜ್ಜಿನಲ್ಲಿರಲಿ. ಹಪ್ಪಳ ಸಂಡಿಗೆ ಇಡಲು ಏಪ್ರಿಲ್-ಮೇ ಕಾಯಬೇಡಿ. ಇಲ್ಲಿ ಒಣ ಬಿಸಿಲು ಸಿಗುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಅದೇ ತಿಂಗಳುಗಳಲ್ಲಿ ಮ್ಯಾಗ್‌ಪೈ ಹಕ್ಕಿ ಗೂಡು ಕಾಯುತ್ತಾ ದಾರಿಹೋಕರ ತಲೆಗೆರಗುತ್ತದೆ, ಸೈಕಲ್ ಹೊಡೆಯುವ ಮಕ್ಕಳಿಗೆ ಮೊದಲೇ ಹೇಳಿ. ಕರಿಬೇವಿನ ಗಿಡ ನರ್ಸರಿಯಲ್ಲಿ ಸಿಗುತ್ತದೆ, ನೆಟ್ಟರೆ ಎರಡು ಬೇಸಿಗೆಗೆ ಆಳೆತ್ತರ.

ಜನರ ಬಗ್ಗೆ. ಇದು ಟರ್ಬಲ್ ಮತ್ತು ಯಗೆರಾ ಮೂಲನಿವಾಸಿಗಳ ನೆಲ. ನಡುಪೇಟೆಯ ಜಾಗಕ್ಕೆ ಅವರ ಹೆಸರು ಮಿಯಾಂಜಿನ್, ನದಿಗೆ ಮೈವಾರ್. ಸಭೆ-ಸಮಾರಂಭಗಳ ಆರಂಭದಲ್ಲಿ ಅವರನ್ನು ನೆನೆಯುತ್ತಾರೆ, ಆಗ ಮಾತು ನಿಲ್ಲಿಸಿ ಗೌರವದಿಂದ ಕೇಳಿ. ಬ್ರಿಟಿಷರು 1824ರಲ್ಲಿ ರೆಡ್‌ಕ್ಲಿಫ್‌ನಲ್ಲಿ ಕೈದಿಗಳ ಠಾಣೆ ಹೂಡಿ, ಮರುವರ್ಷ ಅದನ್ನು ಈ ನದಿ ದಂಡೆಗೆ ತಂದರು. 1842ರಲ್ಲಷ್ಟೇ ಬೇರೆ ಜನಕ್ಕೆ ನೆಲೆಸಲು ಬಿಟ್ಟರು. 2021ರ ಜನಗಣತಿಯಲ್ಲಿ ಇಡೀ ಮಹಾನಗರದ ಜನ ಸುಮಾರು 25 ಲಕ್ಷ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹತ್ತಿರ ಹತ್ತಿರ ಅರ್ಧ. ಸಿಟಿ ಕೌನ್ಸಿಲಿನ ವ್ಯಾಪ್ತಿ ಮಾತ್ರ ತೆಗೆದುಕೊಂಡರೆ ಸುಮಾರು 1,340 ಚದರ ಕಿಲೋಮೀಟರಿನಲ್ಲಿ 12 ಲಕ್ಷ ಚಿಲ್ಲರೆ ಜನ. ಬಿಬಿಎಂಪಿಯ 741 ಚದರ ಕಿಲೋಮೀಟರಿನಲ್ಲಿ 2011ರಲ್ಲೇ 84 ಲಕ್ಷ ಇದ್ದದ್ದು ನೆನಪಿಸಿಕೊಂಡರೆ, ಸಂಜೆ ಏಳಕ್ಕೆ ಇಲ್ಲಿನ ಬೀದಿ ಯಾಕೆ ಬಿಕೋ ಎನ್ನುತ್ತದೆಂದು ತಿಳಿಯುತ್ತದೆ. ಆ ಮೌನ ಮೊದಲ ತಿಂಗಳು ಎದೆಗೆ ನಾಟುತ್ತದೆ, ಅದು ನಿಮ್ಮೊಬ್ಬರಿಗೇ ಆಗುತ್ತಿರುವುದಲ್ಲ.

ಸನ್ನಿಬ್ಯಾಂಕ್ ಸುತ್ತ ಚೀನಾ, ತೈವಾನಿನವರು, ಇನಾಲಾದಲ್ಲಿ ವಿಯೆಟ್ನಾಮಿನವರು, ಮೂರೂಕಾದಲ್ಲಿ ಆಫ್ರಿಕಾದವರು, ಲೋಗನ್ ಕಡೆ ಪೆಸಿಫಿಕ್ ದ್ವೀಪಗಳವರು. ನ್ಯೂಜಿಲೆಂಡಿನವರು ಎಲ್ಲ ಕಡೆಯೂ ಇದ್ದಾರೆ. ನಮ್ಮವರು ದಕ್ಷಿಣದ ರಂಕಾರ್ನ್, ಕ್ಯಾಲಂವೇಲ್, ಏಯ್ಟ್ ಮೈಲ್ ಪ್ಲೇನ್ಸ್ ಹಾಗೂ ಪಶ್ಚಿಮದ ಸ್ಪ್ರಿಂಗ್‌ಫೀಲ್ಡ್ ಕಡೆ ಹೆಚ್ಚು. ನಮ್ಮವರ ನಡುವೆಯೇ ಮನೆ ಮಾಡಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೊದಲು ದಿಬ್ಬ, ಆಮೇಲೆ ಕಿಟಕಿ, ಆಮೇಲೆ ನೆರೆಹೊರೆ. ನಮ್ಮವರು ಅರ್ಧ ಗಂಟೆಯ ದಾರಿಯಲ್ಲಿ ಎಲ್ಲಿದ್ದರೂ ಸಿಗುತ್ತಾರೆ.

ಗಡಿಯಾರದ ಒಂದು ಅನುಕೂಲ: ಈ ರಾಜ್ಯದಲ್ಲಿ ಬೇಸಿಗೆಗೆ ಗಂಟೆ ಮುಂದೂಡುವುದಿಲ್ಲ, 1992ರ ಜನಮತದಲ್ಲಿ ಬೇಡವೆಂದರು. ಭಾರತಕ್ಕಿಂತ ವರ್ಷವಿಡೀ ನಾಲ್ಕೂವರೆ ಗಂಟೆ ಮುಂದೆ. ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಬೆಳಕು ಹರಿಯುತ್ತದೆ, ದಪ್ಪ ಪರದೆ ಇಲ್ಲದಿದ್ದರೆ ಮಕ್ಕಳೂ ಆಗಲೇ ಏಳುತ್ತಾರೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಾದರೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಕರೆಸಿ. ಸೆಕೆ ಇಲ್ಲ, ಮಳೆ ಕಡಿಮೆ, ನಡೆದಾಡಲು ಹಿತ. ಆದರೆ ಇಲ್ಲಿನ ಹಳೆಯ ಮರದ ಮನೆಗಳನ್ನು ಸೆಕೆಗೆಂದೇ ಕಂಬದ ಮೇಲೆ ಎತ್ತರಿಸಿ ಕಟ್ಟಿದ್ದಾರೆ, ಹಲಗೆಯ ಸಂದಿನಿಂದ ಚಳಿ ನುಗ್ಗುತ್ತದೆ. ಸ್ವೆಟರ್, ಕಾಲುಚೀಲ, ಒಂದು ಹೀಟರ್ ಇರಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಉತ್ತರದ ಜಗಲಿಯಲ್ಲಿ ಕುರ್ಚಿ ಹಾಕಿ ಕಾಫಿ ಕೊಟ್ಟರೆ ಮಧ್ಯಾಹ್ನದ ತನಕ ಅವರು ಅಲ್ಲಿಂದ ಏಳುವುದಿಲ್ಲ.