ಏಳು ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವುದು

ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ನಿಮಗೆ ಎ, ಇ, ಐ, ಎನ್, ಆರ್, ಎಸ್, ಟಿ ಬಂದಿವೆ ಎನ್ನೋಣ. ಏಳನ್ನೂ ಒಂದೇ ಸಲ ಇಟ್ಟರೆ 50 ಅಂಕ ಹೆಚ್ಚುವರಿ, ಹಾಗಾಗಿ ಸಣ್ಣ ಪದಕ್ಕೆ ಆತುರಪಡಬೇಡಿ.

ಅಕ್ಷರಗಳನ್ನು ಸಾಲಾಗಿ ಜೋಡಿಸದೆ ವೃತ್ತಾಕಾರದಲ್ಲಿ ಬರೆದುಕೊಳ್ಳಿ. ಸಾಲಿನಲ್ಲಿಟ್ಟರೆ ಕಣ್ಣು ಅದೇ ಕ್ರಮಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಪದದ ತುದಿಗಳನ್ನು ನೋಡಿ. ಬಹುಪಾಲು ಉದ್ದ ಪದಗಳು ಸಿಗುವುದು ಅಲ್ಲೇ. ಇ-ಆರ್ ಕೊನೆಗೆ ಸರಿಸಿದರೆ ಉಳಿದದ್ದರಲ್ಲಿ ‘ನ್ಯಾಸ್ಟಿಯರ್’ ಕಾಣುತ್ತದೆ. ಆರ್-ಇ ಮುಂದಕ್ಕೆ ತಂದರೆ ‘ರಿಟೇನ್ಸ್’. ಎಸ್ ಒಂದನ್ನೇ ಕೊನೆಗಿಟ್ಟರೆ ‘ರೆಟಿನಾಸ್’. ಬೇರೆ ಅಕ್ಷರಗಳಿದ್ದಾಗ ಐ-ಎನ್-ಜಿ, ಇ-ಡಿ, ಯು-ಎನ್ ಹುಡುಕಿ. ಸಿ-ಎಚ್, ಟಿ-ಎಚ್‌ಗಳನ್ನು ಜೋಡಿಯಾಗಿಯೇ ಇಡಿ.

ಎಡವುವುದು ಉಚ್ಚಾರಣೆಯಲ್ಲಿ. ಕನ್ನಡದಲ್ಲಿ ನುಡಿದಂತೆ ಬರೆಯುವ ರೂಢಿ ನಮ್ಮದು. ಇಲ್ಲಿ ಕಿವಿಯನ್ನು ನಂಬಬಾರದು, ಕಾಗುಣಿತವನ್ನೇ ನೋಡಬೇಕು. ‘ಟ್ರೇನರ್ಸ್’ ಸರಿಹೊಂದುವಂತೆ ತೋರುತ್ತದೆ, ಆದರೆ ಅದಕ್ಕೆ ಎರಡು ಆರ್ ಬೇಕು. ಪದ ಹೊಳೆದ ತಕ್ಷಣ ಒಂದೊಂದೇ ಅಕ್ಷರ ಹೊಡೆದುಹಾಕುತ್ತಾ ಪರೀಕ್ಷಿಸಿ.

ಕ್ಯೂ ಬಂದು ಯು ಇಲ್ಲದಿದ್ದರೆ ಕ್ಯೂ-ಐ ಎಂಬ ಎರಡಕ್ಷರದ ಪದ ನೆನಪಿಡಿ, ಅದು ಆಟದಲ್ಲಿ ಮಾನ್ಯ.